ರಾಮನ್ನರ ರುಮಾಲು ಸಾಕು, ಬೆಣಚುಕಲ್ಲಿನ ಮಾತು ಕೇಳಿ

ಫೆಬ್ರವರಿ 28 ಹತ್ತಿರ ಬಂತು ಅಂದ್ರೆ ನನಗೆ ಸಣ್ಣಗೆ ತಲೆನೋವು ಶುರುವಾಗುತ್ತೆ. 1987ರಿಂದ ಅದು ರಾಷ್ಟ್ರೀಯ ವಿಜ್ಞಾನ ದಿನ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದ್ರೆ ಅದೇ ಫೋಟೋ, ಅದೇ ರುಮಾಲು, ಅದೇ ಹಡಗು, ಅದೇ ಕಡಲು. 1921ರಲ್ಲಿ ಹಡಗಲ್ಲಿ ಬರ್ತಾ ಸಮುದ್ರ ಯಾಕೆ ನೀಲಿ ಅಂತ ಯೋಚಿಸಿದರು, 1928ರಲ್ಲಿ ಉತ್ತರ ಸಿಕ್ತು, 1930ರಲ್ಲಿ ನೊಬೆಲ್ ಬಂತು. ಶುಭಂ. ಕೈ ಮುಗಿದು, ಹೂ ಏರಿಸಿ, ಮುಂದಿನ ವರ್ಷದ ತನಕ ಗೂಟಕ್ಕೆ ನೇತುಹಾಕೋದು.

ಇದರಲ್ಲಿ ತಪ್ಪೇನಿದೆ ಮಾರಾಯಾ ಅಂತೀರಾ? ತಪ್ಪೇನಿಲ್ಲ. ಹೇಳಿದ್ದೆಲ್ಲ ನಿಜವೇ. ನನ್ನ ಜಗಳ ಹೇಳದೇ ಬಿಟ್ಟಿದ್ದರ ಬಗ್ಗೆ.

ಹಿಂದೊಮ್ಮೆ ನಾನೂ ಉಮೇದಿನಿಂದ ಒಂದು ಲೇಖನ ಬರೆದು ಒಂದು ಪತ್ರಿಕೆಯ ಪುರವಣಿಗೆ ಕಳಿಸಿದ್ದೆ. (ಹೆಸರು ಬೇಡ ಬಿಡಿ.) ಬೆಣಚುಕಲ್ಲನ್ನು ಕಾಯಿಸ್ತಾ ಹೋದರೆ ಅದರೊಳಗಿನ ಸದ್ದಿಗೆ, ಶಾಖಕ್ಕೆ ಏನಾಗುತ್ತೆ, ಅದನ್ನು ಬೆಂಗಳೂರಲ್ಲಿ ಕೂತು ಹೇಗೆ ನೋಡಿದರು ಅನ್ನೋದು ವಿಷಯ. ಎರಡು ದಿನಕ್ಕೆ ಫೋನ್ ಬಂತು. "ಸಾರ್, ಚೆನ್ನಾಗಿದೆ ಸಾರ್. ಆದ್ರೆ ಕಲ್ಲು ಕಾಯಿಸೋದೆಲ್ಲ ನಮ್ಮ ಓದುಗರಿಗೆ ಯಾಕೆ ಸಾರ್? ರಾಮನ್ ಅವರ ಸಿಟ್ಟು, ಅವರ ರುಮಾಲು, ಅಂಥದ್ದೇನಾದ್ರೂ ಇದ್ರೆ ಕೊಡಿ. ಇಂಥದ್ದೆಲ್ಲ ಕನ್ನಡದಲ್ಲಿ ಓದಕ್ಕಾಗಲ್ಲ ಸಾರ್."

ಪಾಪ, ಹುಡುಗ ಒಳ್ಳೆಯವನೇ. ಮರ್ಯಾದೆಯಿಂದಲೇ ಹೇಳಿದ. ಆದರೆ ಆ ಕೊನೇ ವಾಕ್ಯ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇವತ್ತು ಅದನ್ನ ಇಲ್ಲಿ ಕಕ್ಕಿಬಿಡ್ತೀನಿ. ಇಲ್ಲಿ ಜಾಗ ಪುಕ್ಕಟೆ, ತಡೆಯೋ ಸಂಪಾದಕರೂ ಇಲ್ಲ!

*

ಮೊದಲು ಒಂದು ಸಣ್ಣ ಲೆಕ್ಕ. ರಾಮನ್ ಪರಿಣಾಮ ಕಂಡಿದ್ದು ಕಲ್ಕತ್ತೆಯಲ್ಲಿ. ನೊಬೆಲ್ ಬಂದಾಗಲೂ ಅವರು ಕಲ್ಕತ್ತೆಯಲ್ಲೇ ಇದ್ದರು. ಬೆಂಗಳೂರಿಗೆ ಬಂದಿದ್ದು 1933ರಲ್ಲಿ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ. 1970ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ. ಅಂದ್ರೆ ಸುಮಾರು 37 ವರ್ಷ ನಮ್ಮ ಜೊತೆ ಇದ್ದರು. "ನಮ್ಮ ರಾಮನ್" ಅಂತ ಎದೆ ತಟ್ಟಿಕೊಳ್ಳುವ ನಾವು ಹೇಳೋದು ಮಾತ್ರ ಕಲ್ಕತ್ತೆಯ ಕತೆ. ಇಲ್ಲಿ ಅಷ್ಟು ವರ್ಷ ಏನು ಮಾಡಿದರು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ತಾರೆ.

ಅವರು ಇಲ್ಲಿ ಮಾಡಿದ ಒಂದು ಕೆಲಸ ಹೇಳ್ತೀನಿ. 1940ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬಂತು. ಬರೆದವರು ರಾಮನ್ ಮತ್ತು ಅವರ ವಿದ್ಯಾರ್ಥಿ ಟಿ.ಎಂ.ಕೆ. ನೆಡುಂಗಾಡಿ. ವಿಷಯ ಬೆಣಚುಕಲ್ಲು!

ಅದೇ ಸ್ವಾಮಿ, ನಾವು ನೀವು ಚಿಕ್ಕವರಿದ್ದಾಗ ಕತ್ತಲೆ ಕೋಣೆಗೆ ಹೋಗಿ ಒಂದಕ್ಕೊಂದು ಉಜ್ಜಿ ಬೆಳಕು ನೋಡಿ ಬಾಯಿಬಿಡ್ತಿದ್ದ ಬಿಳೀ ಕಲ್ಲು. ಶುದ್ಧವಾಗಿ, ಪಾರದರ್ಶಕವಾಗಿ ಬೆಳೆದರೆ ಅದನ್ನೇ ಸ್ಫಟಿಕ ಅಂತೀವಿ, ಸರ ಮಾಡಿ ಕೊರಳಿಗೆ ಹಾಕ್ಕೋತೀವಿ.

ಈ ಕಲ್ಲಿಗೊಂದು ಗುಟ್ಟಿದೆ. 573 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿದರೆ ಕರಗಲ್ಲ, ಸುಡಲ್ಲ, ಹೊರಗಿನಿಂದ ಏನೂ ಆದ ಹಾಗೆ ಕಾಣಲ್ಲ. ಆದರೆ ಒಳಗೆ ಅಣುಗಳ ಜೋಡಣೆಯೇ ಬದಲಾಗಿಬಿಡುತ್ತೆ. ಘನ ಘನವಾಗೇ ಇದ್ದು ಬೇರೆ ಘನವಾಗುತ್ತೆ. ಕೆಳಗಿನದ್ದು ಆಲ್ಫಾ, ಮೇಲಿನದ್ದು ಬೀಟಾ. ಇದನ್ನ 1889ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಲೆ ಶಾಟೆಲಿಯೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಅವರ ತತ್ವ ಬಾಯಿಪಾಠ ಮಾಡಿದ್ದೀರಲ್ಲ, ಅದೇ ಪುಣ್ಯಾತ್ಮ.

ಒಳಗೆ ಏನಾಗುತ್ತೆ? ಒಂದು ಸಿಲಿಕಾನ್, ಸುತ್ತ ನಾಲ್ಕು ಆಮ್ಲಜನಕ. ಆಕಾರ ಹೆಚ್ಚುಕಡಿಮೆ ಸಮೋಸದ್ದು. ಇಂಥ ಕೋಟ್ಯಂತರ ಸಮೋಸಗಳು ಮೂಲೆಗೆ ಮೂಲೆ ಅಂಟಿಕೊಂಡಿವೆ ಅಂದ್ಕೊಳ್ಳಿ. ನಮ್ಮ ಮನೆಯ ತಾಪದಲ್ಲಿ ಒಂದೊಂದು ಸಮೋಸವೂ ನೆಟ್ಟಗಿನ ಜಾಗದಿಂದ ಸುಮಾರು 16 ಡಿಗ್ರಿ ವಾಲಿಕೊಂಡಿರುತ್ತೆ. ಕಾಯಿಸ್ತಾ ಹೋದ ಹಾಗೆ ವಾಲುವಿಕೆ ಕಮ್ಮಿಯಾಗ್ತಾ ಬರುತ್ತೆ. 573 ದಾಟಿದ ಮೇಲೆ ಸರಾಸರಿಯಲ್ಲಿ ನೆಟ್ಟಗೆ. ಇಷ್ಟೇ ಕತೆ.

ಇಷ್ಟು ಹೇಳೋದಕ್ಕೆ ನಾನು ಒಂದಾದರೂ ಕಷ್ಟದ ಶಬ್ದ ಬಳಸಿದೆನಾ? ನೀವೇ ಹೇಳಿ.

*

ಈಗ ರಾಮನ್ ಏನು ನೋಡಿದರು ಅಂತ ನೋಡೋಣ. ಹರಳಿನ ಮೇಲೆ ಬೆಳಕು ಬಿಟ್ಟರೆ ಚದುರಿದ ಬೆಳಕಿನಲ್ಲಿ ಒಂದಿಷ್ಟು ಹೊಸ ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಳಗಿನ ಅಣುಗಳ ಒಂದೊಂದು ಬಗೆಯ ಕುಣಿತದ ಗುರುತು. ಹರಳನ್ನು ದ್ರವಗಾಳಿಯ ಕೊರೆಯುವ ಚಳಿಯಿಂದ ಹಿಡಿದು 500 ಡಿಗ್ರಿ ದಾಟಿದ ಬಿಸಿಯ ತನಕ ಒಯ್ದು ಅವರು ಈ ಗೆರೆಗಳನ್ನು ಗಮನಿಸಿದರು. ಹೆಚ್ಚಿನ ಗೆರೆಗಳು ಒಂಚೂರು ಸರಿದವು, ಒಂಚೂರು ಅಗಲವಾದವು. ಆದರೆ ಒಂದೇ ಒಂದು ಗೆರೆ ಮಾತ್ರ ವಿಚಿತ್ರವಾಗಿ ಆಡಿತು. ಲೆಕ್ಕದಲ್ಲಿ ಅದು ಸೆಂಟಿಮೀಟರಿಗೆ 220 ಅಲೆ, ಅಂದ್ರೆ ಸೆಕೆಂಡಿಗೆ ಸುಮಾರು 6.6 ಲಕ್ಷ ಕೋಟಿ ಸಲದ ಕುಣಿತ. ಬಿಸಿ ಏರಿದ ಹಾಗೆ ಅದು ಕೆಳಗಿಳೀತಾ, ಮಸುಕಾಗ್ತಾ, ಹರಡಿಕೊಳ್ತಾ, 573ರ ಹತ್ತಿರ ಬಂದಾಗ ಬರೀ ಮಂಜಿನ ಹಾಗೆ ಆಯ್ತು.

ಕಂಪನ ನಿಧಾನವಾಗ್ತಿದೆ ಅಂದ್ರೇನು? ವೀಣೆಯ ತಂತಿ ಸಡಿಲ ಮಾಡಿದ್ರೆ ಸ್ವರ ಇಳಿಯಲ್ವಾ, ಹಾಗೆ. ಅಣುಗಳನ್ನ ವಾಪಸ್ ಜಾಗಕ್ಕೆ ಎಳೀತಿದ್ದ ಬಿಗಿ ಸಡಿಲವಾಗ್ತಿದೆ. ಈ ಕುಣಿತವೇ ಹರಳನ್ನು ಹೊಸ ರೂಪಕ್ಕೆ ತಳ್ಳುತ್ತಿದೆ ಅಂತ ರಾಮನ್ ಮತ್ತು ನೆಡುಂಗಾಡಿ ಆಗಲೇ ಊಹಿಸಿ ಬರೆದರು. ಜಗತ್ತು ಇದಕ್ಕೊಂದು ಸಿದ್ಧಾಂತ ಕಟ್ಟಿ 'ಸಾಫ್ಟ್ ಮೋಡ್' ಅಂತ ಸಂಭ್ರಮಪಟ್ಟಿದ್ದು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, 1959-60ರ ಹೊತ್ತಿಗೆ, ಕಾಕ್ರನ್ ಮತ್ತು ಆಂಡರ್ಸನ್ ಅವರ ಕೈಯಲ್ಲಿ.

ನೋಡಿ, ಇದು ಬೆಂಗಳೂರಿನ ಕತೆ. ಇದು ರುಮಾಲಿನ ಕತೆಗಿಂತ ಸಪ್ಪೆಯಾ?

*

ಇನ್ನು ನನ್ನ ಸ್ವಂತದ್ದು. ಎಂಎಸ್ಸಿ ಮಾಡುವಾಗ ನನ್ನ ಪ್ರಾಜೆಕ್ಟ್ ಇದೇ ಕಲ್ಲಿನ ಮೇಲೆ. ರಾಮನ್ ಬೆಳಕಿನಲ್ಲಿ ನೋಡಿದ್ದನ್ನ ನಾವು ಸದ್ದಿನಲ್ಲಿ ಕೇಳೋದು. ಫರ್ನೇಸ್ ಒಳಗೆ ಸ್ಫಟಿಕದ ಬಿಲ್ಲೆ. ಸದ್ದು ಹುಟ್ಟಿಸುವ ಸಾಧನ ಆ ಬಿಸಿ ತಡೆಯಲ್ಲ. ಅದಕ್ಕೇ ಅದು ಹೊರಗೆ, ನಡುವೆ ಸಿಲಿಕಾ ಗಾಜಿನ ಉದ್ದನೆಯ ಸಲಾಕೆ. ಕಿವಿಗೆ ಕೇಳದ ಸದ್ದಿನ ಒಂದು ಪೆಟ್ಟು ಒಳಗೆ ಹೋಗಿ, ಬಿಲ್ಲೆಯ ಆಚೆ ಮುಖಕ್ಕೆ ಬಡಿದು ವಾಪಸ್ ಬರುತ್ತೆ. ಹೋಗಿಬರೋಕೆ ಎಷ್ಟು ಹೊತ್ತು ತಗೊಂಡಿತು ಅಂತ ಆಸಿಲೋಸ್ಕೋಪಿನ ಪರದೆ ಮೇಲೆ ನೋಡೋದು. ಬೆಣಚುಕಲ್ಲಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಗಾಳಿಯಲ್ಲಿ ಬರೀ 340 ಮೀಟರ್.

300 ಡಿಗ್ರಿ, 400 ಡಿಗ್ರಿ... ಪ್ರತಿಧ್ವನಿ ನಿಧಾನವಾಗಿ ಬಲಕ್ಕೆ ಸರಿಯತೊಡಗಿತು. ಸದ್ದು ತಡವಾಗಿ ಬರ್ತಿದೆ. 500 ದಾಟಿದ ಮೇಲಂತೂ ಕಣ್ಣೆದುರೇ ಜಾರತೊಡಗಿತು. ಎತ್ತರವೂ ಕುಗ್ಗಿತು. ಹೊರಗೆ ಬೆಂಕಿಯಂತೆ ಕಾದ, ಕಲ್ಲಿನಷ್ಟೇ ಗಟ್ಟಿ ಇರುವ ಬಿಲ್ಲೆ ಒಳಗೊಳಗೇ ಮೆತ್ತಗಾಗ್ತಿತ್ತು. 573 ದಾಟಿ ಬೀಟಾ ಆದ ಮೇಲೆ ವೇಗ ಮತ್ತೆ ಮೇಲೇರಿತು! ಬಿಸಿ ಹೆಚ್ಚಾದ ಮೇಲೆ ಹೆಚ್ಚು ಬಿಗಿ. ನಾನು ಕೂತ ಸ್ಟೂಲಿನಿಂದ ಎದ್ದು ನಿಂತಿದ್ದೆ.

ಇಳಿಸುವಾಗ ಎಡವಟ್ಟು ಮಾಡಿದೆ. ರಾತ್ರಿ ಒಂಬತ್ತಾಗಿತ್ತು, ಹಾಸ್ಟೆಲಿನಲ್ಲಿ ಊಟ ಮುಗಿದುಬಿಡುತ್ತೆ ಅನ್ನೋ ಆತುರ. 600ರಲ್ಲೇ ಕರೆಂಟ್ ತೆಗೆದು ಫರ್ನೇಸ್ ಬಾಗಿಲು ಅರ್ಧ ತೆರೆದೆ. ಒಂದೆರಡು ನಿಮಿಷ. 'ಟಿಣ್' ಅಂತ ಒಂದು ಸದ್ದು. ಬಿಲ್ಲೆ ಮೂರು ಚೂರು.

ಬೆಳಿಗ್ಗೆ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತೆ. "ಇದ್ದಕ್ಕಿದ್ದ ಹಾಗೆ ಒಡೆದುಹೋಯ್ತು ಸಾರ್" ಅಂದೆ. ಅವರು ಬೈಯಲಿಲ್ಲ. ನಾನು ಬರೆದಿಟ್ಟ ಅಂಕಿಗಳ ಹಾಳೆ ತೆಗೆದು, ವೇಗ ಕುಸಿದ ಸಾಲುಗಳ ಮೇಲೆ ಬೆರಳಿಟ್ಟು, "ಇದ್ದಕ್ಕಿದ್ದ ಹಾಗೆ ಎಲ್ಲಯ್ಯಾ? ನೂರು ಡಿಗ್ರಿ ಮುಂಚಿನಿಂದ ಹೇಳ್ತಾನೇ ಇದೆಯಲ್ಲ" ಅಂದರು.

ಆ ಮಾತು ಇವತ್ತಿಗೂ ನನ್ನ ಜೊತೆ ಇದೆ. ಈ ಲೇಖನದ ಸಿಟ್ಟಿನ ಮೂಲವೂ ಅದೇ.

*

ಯಾಕೆಂದರೆ ನಾವು ಶಾಲೆಯಲ್ಲಿ ಕಲಿಸೋದು ಬೇರೆ. ಸ್ಥಿತಿ ಬದಲಾವಣೆ ಅಂದ್ರೆ ಮಂಜು, ನೀರು, ಆವಿ. ಸೊನ್ನೆ ಡಿಗ್ರಿಗೆ ಟಕ್ ಅಂತ ಇದು, ನೂರಕ್ಕೆ ಟಕ್ ಅಂತ ಅದು. ಮಕ್ಕಳ ತಲೆಯಲ್ಲಿ ಕೂರೋದು ಏನಪ್ಪಾ ಅಂದ್ರೆ, ಬದಲಾವಣೆ ಯಾವಾಗಲೂ ಹಠಾತ್ತನೆ ಆಗುತ್ತೆ, ಅದಕ್ಕೆ ಮುಂಚೆ ಏನೂ ಇಲ್ಲ. ಘನವಾಗೇ ಉಳಿದು ರೂಪ ಬದಲಿಸುವ ಹರಳುಗಳ ಸುದ್ದಿಯೇ ಇಲ್ಲ.

ಬೆಣಚುಕಲ್ಲು ಬೇರೆ ಪಾಠ ಹೇಳುತ್ತೆ. ಶಾಖದ ಲೆಕ್ಕವನ್ನೇ ತಗೊಳ್ಳಿ. ಮಂಜು ಕರಗುವಾಗ ಸೊನ್ನೆ ಡಿಗ್ರಿಯಲ್ಲೇ ನಿಂತು ಗ್ರಾಮಿಗೆ 80 ಕ್ಯಾಲೊರಿ ನುಂಗುತ್ತೆ. ಆ ಒಂದು ಜಾಗದಲ್ಲೇ ಅದರ ಹಸಿವೆಲ್ಲ. ಬೆಣಚುಕಲ್ಲು ಹಾಗಲ್ಲ. ಒಂದು ಡಿಗ್ರಿ ಏರಿಸೋಕೆ ಬೇಕಾಗುವ ಶಾಖ 573ಕ್ಕೆ ಎಷ್ಟೋ ಮುಂಚಿನಿಂದಲೇ ಮೆಲ್ಲಗೆ ಹೆಚ್ಚುತ್ತಾ ಬಂದು, ಹತ್ತಿರ ಬಂದಾಗ ಗೋಪುರದ ಹಾಗೆ ಎದ್ದು, ದಾಟಿದ ತಕ್ಷಣ ಬಿದ್ದುಹೋಗುತ್ತೆ. ಕೊಟ್ಟ ಶಾಖದಲ್ಲಿ ಒಂದು ಪಾಲು ಕಲ್ಲನ್ನು ಬಿಸಿ ಮಾಡೋಕೆ ಹೋಗಲ್ಲ, ಒಳಗಿನ ವಾಲಿಕೆಯನ್ನ ಬಿಡಿಸೋಕೆ ಖರ್ಚಾಗುತ್ತೆ. ಹಿಗ್ಗುವುದೂ ಹಾಗೇ. 573ರ ಹತ್ತಿರ ಕಲ್ಲು ಜೋರಾಗಿ ಹಿಗ್ಗುತ್ತೆ, ದಾಟಿದ ಮೇಲೆ ಹಿಗ್ಗೋದನ್ನೇ ನಿಲ್ಲಿಸುತ್ತೆ. ಇನ್ನೂ ಒಂದು ತಮಾಷೆ ಇದೆ. ರಬ್ಬರ್ ಎಳೆದರೆ ಸೊರಗುತ್ತೆ ತಾನೇ? ಬೆಣಚುಕಲ್ಲು ಈ ಹೊತ್ತಿನಲ್ಲಿ ಎಳೆದರೆ ಅಡ್ಡಕ್ಕೂ ಊದುತ್ತೆ!

ಸದ್ದು, ಶಾಖ, ಗಾತ್ರ, ಮೂರೂ ಮುಂಚಿತವಾಗಿ ನೋಟಿಸ್ ಕೊಡುತ್ತವೆ. ಕೊನೆಯ ನೆಗೆತವೊಂದು ಇದೆ, ಸುಳ್ಳಲ್ಲ. ಆದರೆ ಅದು ಕತೆಯ ಕೊನೇ ಸಾಲು ಅಷ್ಟೇ.

"ಇದರಿಂದ ಏನು ಉಪಯೋಗ?" ಇದು ಮುಂದಿನ ಪ್ರಶ್ನೆ ಅಂತ ಗೊತ್ತು. ತಗೊಳ್ಳಿ.

ಕುಂಬಾರರು ಆವಿಗೆ ಸುಟ್ಟ ಮೇಲೆ ಆತುರದಲ್ಲಿ ತೆರೆಯಲ್ಲ, ತಾನಾಗೇ ಆರಲಿ ಅಂತ ಬಿಡ್ತಾರೆ. ಬೇಗ ತೆರೆದರೆ ಮಡಕೆ ಸೀಳುತ್ತೆ. ಮಣ್ಣಿನಲ್ಲಿರುವ ಬೆಣಚಿನ ಮರಳು 573ರಲ್ಲಿ ಒಮ್ಮೆಲೇ ಕುಗ್ಗೋದು ಅದಕ್ಕಿರುವ ಕಾರಣಗಳಲ್ಲಿ ಒಂದು. ಎಂಎಸ್ಸಿ ಓದಿದ ನಾನು ಮಾಡಿದ ಎಡವಟ್ಟನ್ನ ಅವರು ಮಾಡಲ್ಲ.

ಬೆಂಗಳೂರಿನ ಸುತ್ತ ಕಲ್ಲುಕುಟಿಗರು ಸೌದೆ ಬೆಂಕಿ ಹಾಕಿ, ಅದನ್ನ ಬಂಡೆಯ ಮೇಲೆ ಮೆಲ್ಲಗೆ ಸರಿಸ್ತಾ ದೊಡ್ಡ ದೊಡ್ಡ ಚಪ್ಪಡಿಗಳನ್ನ ಎಬ್ಬಿಸ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆ ಬಂಡೆಯಿಂದ ಬಿಟ್ಟುಕೊಳ್ಳುತ್ತೆ. ಅಲ್ಲಿ 573 ಮುಟ್ಟಬೇಕಂತ ಏನಿಲ್ಲ. ಆದರೆ ಗ್ರಾನೈಟಿನಲ್ಲಿರುವ ಬೆಣಚು ಪಕ್ಕದ ಫೆಲ್ಡ್‌ಸ್ಪಾರಿಗಿಂತ ಹೆಚ್ಚು ಹಿಗ್ಗುವ ಕಲ್ಲು. ಅದರ ಪಾಲೂ ಇದರಲ್ಲಿದೆ.

ಉಕ್ಕಿನ ಕಾರ್ಖಾನೆಗಳ ಕೋಕ್ ಒಲೆಗಳ ಗೋಡೆ ಸಿಲಿಕಾ ಇಟ್ಟಿಗೆಯದ್ದು. ಮೊದಲ ಸಲ ಕಾಯಿಸೋಕೆ ವಾರಗಟ್ಟಲೆ ತಗೊಳ್ತಾರೆ. ಒಮ್ಮೆ ಹೊತ್ತಿಸಿದರೆ ಅದರ ಆಯಸ್ಸು ಮುಗಿಯೋ ತನಕ ಆರಲು ಬಿಡಲ್ಲ. ಯಾಕೆ? ಬೆಣಚಿನ ದಾಯಾದಿಗಳಾದ ಕ್ರಿಸ್ಟೊಬಲೈಟ್, ಟ್ರಿಡಿಮೈಟ್ ಆ ಇಟ್ಟಿಗೆಯಲ್ಲಿವೆ. ಅವಕ್ಕೂ ಇಂಥದ್ದೇ ರೂಪ ಬದಲಿಸುವ ತಾಪಗಳಿವೆ, ಇನ್ನೂ ಕೆಳಗೆ. ಆರಿದರೆ ಗೋಡೆ ಬಿರುಕು.

ನಿಮ್ಮ ಗೋಡೆ ಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಚೂರೊಂದಿದೆ. ಅದನ್ನ 573 ದಾಟಿಸಿ ವಾಪಸ್ ತಣ್ಣಗೆ ಮಾಡಿದರೆ ಒಂದು ಭಾಗ ಎಡಕ್ಕೆ, ಒಂದು ಭಾಗ ಬಲಕ್ಕೆ ವಾಲಿಕೊಂಡುಬಿಡಬಹುದು. ಆಗ ಇದರ ವಿದ್ಯುತ್ತು ಅದರ ವಿದ್ಯುತ್ತನ್ನ ಹೊಡೆದುಹಾಕುತ್ತೆ. ಗಡಿಯಾರಕ್ಕೆ ಅದು ದಂಡ.

ಇನ್ನೂ ದೊಡ್ಡದು ಬೇಕಾ? ಭೂಕಂಪದ ಅಲೆಗಳೂ ಸದ್ದೇ. ಆಳದಲ್ಲಿ ಬೆಣಚುಕಲ್ಲು ಆಲ್ಫಾದಿಂದ ಬೀಟಾ ಆಗುವ ಜಾಗದಲ್ಲಿ ಅವುಗಳ ವೇಗ ಬದಲಾಗುತ್ತೆ. ಟಿಬೆಟ್ ಕೆಳಗಿನ ಶಿಲಾಪದರದಲ್ಲಿ ಈ ಗುರುತನ್ನ ಹಿಡಿದು, ಅಲ್ಲಿನ ಬಿಸಿ ಎಷ್ಟು ಅಂತ ಲೆಕ್ಕ ಹಾಕಿದ ಪ್ರಬಂಧ 2004ರಲ್ಲಿ ಬಂತು. ಥರ್ಮಾಮೀಟರ್ ಇಳಿಸಲಾಗದ ಆಳಕ್ಕೆ ಈ ಕಲ್ಲೇ ಥರ್ಮಾಮೀಟರ್!

*

ಈಗ ನನ್ನ ಕಡೆಯವರಿಗೇ ಎರಡು ಮಾತು. ಇಷ್ಟೆಲ್ಲ ಓದಿ "ನೋಡಿದ್ರಾ, ಎಲ್ಲಾ ನಮ್ಮ ರಾಮನ್ ಮೊದಲೇ ಕಂಡುಹಿಡಿದಿದ್ದರು" ಅಂತ ಫಾರ್ವರ್ಡ್ ಮಾಡೋಕೆ ಹೊರಟವರು ದಯವಿಟ್ಟು ನಿಲ್ಲಿ. ಅದೂ ರುಮಾಲಿನ ಪೂಜೆಯೇ.

ರಾಮನ್ ನೋಡಿದ ಗೆರೆ ಒಂದೇ ಕತೆಯ ಪೂರ್ತಿ ನಾಯಕ ಅಲ್ಲ. 1968ರಲ್ಲಿ ಅಮೆರಿಕದ ಜೇಮ್ಸ್ ಸ್ಕಾಟ್, ಪಕ್ಕದಲ್ಲಿ 147ರ ಹತ್ತಿರ ಇರುವ ಇನ್ನೊಂದು ಗೆರೆಯೂ ಅದರ ಜೊತೆ ಕೈ ಬೆರೆಸಿದೆ ಅಂತ ತೋರಿಸಿದರು. 1980ರ ದಶಕದಲ್ಲಿ ಫ್ರಾನ್ಸಿನವರು ಆಲ್ಫಾ ಬೀಟಾಗಳ ನಡುವೆ ಹೆಚ್ಚುಕಡಿಮೆ ಒಂದೂವರೆ ಡಿಗ್ರಿಯಷ್ಟು ಕಿರಿದಾದ ಜಾಗದಲ್ಲಿ ಮೂರನೇ ರೂಪವೊಂದು ಅಡಗಿ ಕೂತಿದ್ದನ್ನ ಕಂಡರು. ಸುಮಾರು ನೂರು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟೇ ಅಲ್ಲ. ಹರಳುಗಳ ಕಂಪನದ ಬಗ್ಗೆ ರಾಮನ್ ದೊಡ್ಡ ತಪ್ಪನ್ನೂ ಮಾಡಿದರು. 1935ರಲ್ಲಿ ಮ್ಯಾಕ್ಸ್ ಬಾರ್ನ್ ಅವರನ್ನ ಬೆಂಗಳೂರಿಗೆ ಕರೆಸಿಕೊಂಡವರೂ ಅವರೇ, ಮುಂದೆ 1940ರ ದಶಕದಲ್ಲಿ ಅದೇ ಬಾರ್ನ್ ಜೊತೆ ಜಟಾಪಟಿಗೆ ಇಳಿದವರೂ ಅವರೇ. ಹರಳಿನಲ್ಲಿ ಕಂಪನಗಳು ಎಣಿಸಿಡಬಹುದಾದ ಕೆಲವೇ ಕೆಲವು ಅಂತ ರಾಮನ್ ವಾದ. ಇಲ್ಲ, ಒಂದಕ್ಕೊಂದು ಸೇರಿಕೊಂಡ ದೊಡ್ಡ ಸಾಲೇ ಇದೆ ಅಂತ ಬಾರ್ನ್. 1950ರ ದಶಕದಲ್ಲಿ ಕೆನಡಾದಲ್ಲಿ ಬ್ರಾಕ್‌ಹೌಸ್ ನ್ಯೂಟ್ರಾನ್ ಬಳಸಿ ಅಳೆದಾಗ ಬಾರ್ನ್ ಸರಿ ಅಂತ ಗೊತ್ತಾಯ್ತು. ರಾಮನ್ ಮಾತ್ರ ಆ ದಶಕದಲ್ಲೂ ಹರಳುಗಳ ಶಾಖದ ಬಗ್ಗೆ ತಮ್ಮ ಲೆಕ್ಕವನ್ನೇ ಹಿಡಿದು ಬರೆಯುತ್ತಿದ್ದರು.

ಒಂದೇ ಮನುಷ್ಯ, ಒಂದೇ ಊರು, ಒಂದೇ ವಿಷಯ. ಒಂದು ಕಡೆ ಇಪ್ಪತ್ತು ವರ್ಷ ಮುಂದೆ, ಇನ್ನೊಂದು ಕಡೆ ಹಠ ಹಿಡಿದು ಹಿಂದೆ. ನನಗಂತೂ ಇದನ್ನ ಓದಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯ್ತು. ಫೋಟೋದಲ್ಲಿರೋ ದೇವರು ತಪ್ಪು ಮಾಡಲ್ಲ, ಹಾಗಾಗಿ ಮಕ್ಕಳಿಗೆ ಅವರಿಂದ ಕಲಿಯೋಕೂ ಏನಿರಲ್ಲ.

*

ಕನ್ನಡದಲ್ಲಿ ಆಗಲ್ಲ ಅನ್ನೋದಕ್ಕೆ ಬರೋಣ. ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನ ಬರೆದರು. ಬಿ.ಜಿ.ಎಲ್. ಸ್ವಾಮಿ ಗಿಡಮರಗಳನ್ನ ನಗಿಸಿದರು. ಜಿ.ಟಿ. ನಾರಾಯಣ ರಾವ್ ನಕ್ಷತ್ರಗಳನ್ನ ಅಂಗಳಕ್ಕೆ ಇಳಿಸಿದರು. ಅವರಿಗೆ ಸಾಕಾದ ಕನ್ನಡ ನಮಗೆ ಸಾಲದೇ?

ಅಡ್ಡಿ ಎರಡು ಕಡೆಯಿಂದ ಇದೆ. ಒಂದು ಕಡೆ 'ಪ್ರಾವಸ್ಥಾ ಸಂಕ್ರಮಣ' ಅಂತ ಬರೆದು ಓದುಗನನ್ನ ಬಾಗಿಲಲ್ಲೇ ಓಡಿಸುವ ಪಂಡಿತರು. ಇನ್ನೊಂದು ಕಡೆ ಓದುಗನಿಗೆ ತಲೆಯೇ ಇಲ್ಲ ಅಂತ ತೀರ್ಮಾನಿಸಿ ರುಮಾಲಿನ ಕತೆ ಕೇಳುವವರು. ಇಬ್ಬರದೂ ಒಂದೇ ರೋಗ, ಓದುವವನ ಮೇಲೆ ನಂಬಿಕೆ ಇಲ್ಲ. ಬೆಣಚುಕಲ್ಲು, ಆವಿಗೆ, ಚಪ್ಪಡಿ, ತಂತಿ, ಸಮೋಸ... ಇವತ್ತಿನ ಇಡೀ ಬರಹದಲ್ಲಿ ನಾನು ಸಾಲ ತಂದ ಪದಗಳನ್ನ ಬೆರಳಲ್ಲಿ ಎಣಿಸಬಹುದು, ಅವೂ ನಿಮಗೆ ಗೊತ್ತಿರೋವೇ.

ಇದನ್ನ ಇಷ್ಟು ಬಿಸಿಯಾಗಿ ಯಾಕೆ ಹೇಳ್ತಿದ್ದೀನಿ ಗೊತ್ತಾ? ಒಂದು ಭಾಷೆ ಮೆತ್ತಗಾಗೋದೂ ಇದ್ದಕ್ಕಿದ್ದ ಹಾಗೆ ಅಲ್ಲ. ಮೊದಲು ವಿಜ್ಞಾನ ಬಿಡ್ತೀವಿ, "ಓದಕ್ಕಾಗಲ್ಲ" ಅಂತ. ಆಮೇಲೆ ಕಾನೂನು, ಆಮೇಲೆ ಲೆಕ್ಕ, ಆಮೇಲೆ ಮಕ್ಕಳ ಜೊತೆಗಿನ ಮಾತು. ಕೊನೆಗೊಂದು ದಿನ 'ಟಿಣ್' ಅಂದಾಗ ಎಲ್ಲರೂ ಮೇಷ್ಟ್ರ ಮುಂದೆ ತಲೆ ತಗ್ಗಿಸಿ "ಇದ್ದಕ್ಕಿದ್ದ ಹಾಗೆ ಒಡೆದುಹೋಯ್ತು ಸಾರ್" ಅಂತೀವಿ.

ಗೆಳೆಯರೇ, ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಲೆಕ್ಚರರುಗಳಿದ್ದೀರಿ, ಫ್ಯಾಕ್ಟರಿಯಲ್ಲಿ ಕುಲುಮೆ ಮುಂದೆ ನಿಂತವರಿದ್ದೀರಿ. ಬರುವ ಫೆಬ್ರವರಿ 28ಕ್ಕೆ ಒಂದೇ ಒಂದು ಬೇಡಿಕೆ. ರುಮಾಲು, ಹಡಗು, ನೊಬೆಲ್ ಮೂರನ್ನೂ ಬಿಟ್ಟು, ನಿಮ್ಮ ಕೈಯಾರೆ ಮಾಡಿದ ಅಥವಾ ಕೆಡಿಸಿದ ಒಂದು ಕೆಲಸದ ಬಗ್ಗೆ ನಿಮ್ಮೂರ ಕನ್ನಡದಲ್ಲಿ ಬರೀರಿ. ಒಬ್ಬರೇ ಓದಿದರೂ ಪರವಾಗಿಲ್ಲ. ಆ ಒಬ್ಬ ನಾನಾಗಿರ್ತೀನಿ.

ಒಡೆದ ಬಿಲ್ಲೆಯ ಒಂದು ಚೂರು ಇನ್ನೂ ನನ್ನ ಮೇಜಿನ ಮೇಲಿದೆ. ಮೇಷ್ಟ್ರು ಕೊಟ್ಟಿದ್ದು, "ಇಟ್ಕೋ, ನೆನಪಿರಲಿ" ಅಂತ. ಆ ಪುರವಣಿಯ ಹುಡುಗನಿಗೆ ಅದನ್ನ ಕಳಿಸೋಣ ಅಂತಿದ್ದೀನಿ. ನೀವೇನಂತೀರಿ?